ಕಾಕಾ ಮಾಡದ ಪಾಪಗಳು

ನಮ್ಮ ಮನೆಯಲ್ಲಿ ಪಾಪಿಗಳಿರಲಿಲ್ಲ. ನನ್ನ ಕಾಕಾ ಸಾಮುವೇಲನ ಬದುಕಿನ ದೊಡ್ಡ ಕೊರತೆ ಅದೇ ಆಗಿತ್ತು. ಬೆಟಗೇರಿಯಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ದೀಪ ಬೇಕಾಗುವ ಒಂದು ಕೋಣೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಎರಡೂ ಬದಿಗೆ ನೇಕಾರರ ಮನೆಗಳಿದ್ದವು. ಮಗ್ಗದ ಸದ್ದು ಗೋಡೆಯ ಒಳಗಿಂದಲೇ ಬರುತ್ತಿತ್ತು, ನಾವು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆವು. ಪಡಸಾಲೆಯಲ್ಲಿ ಅಪ್ಪನ ಹಾರ್ಮೋನಿಯಂ, ಅವ್ವ ಕಸೂತಿ ಹಾಕಿದ ಬಟ್ಟೆ ಹೊದ್ದು, ಮನೆಯ ಹಿರಿಯನಂತೆ ಕೂತಿರುತ್ತಿತ್ತು. ಅಪ್ಪ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ, ಭಾನುವಾರ ಚರ್ಚಿನಲ್ಲಿ ಬಾರಿಸುತ್ತಿದ್ದ. ಹಳೆಯ ಪಾದ್ರಿಗಳು ಬಿಟ್ಟುಹೋದ ಕೀರ್ತನೆಗಳನ್ನು, ಆ ಪಾದ್ರಿಗಳು ತೀರಿಕೊಂಡ ಸುದ್ದಿ ಈಗಷ್ಟೇ ಬಂದಂತೆ ಎಳೆದೆಳೆದು ಬಾರಿಸುತ್ತಿದ್ದ. ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ ಮನೆಯವರೆಲ್ಲ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಬೇಕು. ಅಪ್ಪ ದೇವರಿಗೆ ದಿನದ ವರದಿ ಒಪ್ಪಿಸುತ್ತಿದ್ದ. ನಾವು ಇವತ್ತು ಸುಳ್ಳು ಹೇಳಲಿಲ್ಲ, ಯಾರ ವಸ್ತುವಿಗೂ ಆಸೆಪಡಲಿಲ್ಲ, ಯಾರನ್ನೂ ನೋಯಿಸಲಿಲ್ಲ. ಆಮೇಲೆ ನೆರೆಯವರು ಏನೇನು ಮಾಡಿದರು ಎಂಬುದನ್ನು ವಿವರವಾಗಿ ತಿಳಿಸುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ಒಂದು ಕಣ್ಣು ತೆರೆದು ಅಡುಗೆಮನೆಯ ಕಡೆ ನೋಡುತ್ತಿದ್ದಳು.

"ಆಮೆನ್ ಅನ್ನೋ ಇನ್ನ, ರೊಟ್ಟಿ ಆರಿ ತೊಗಲ ಆಗಾಕತ್ತಾವು."

ದೇವರ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ನಾನು ಕಲಿತಿದ್ದರೆ ಅದು ಆಯಿಯಿಂದ. ಹೇಗೆ ಮಾತಾಡಬಾರದು ಎಂಬುದನ್ನು ಮನೆಯ ಗಂಡಸರು ಕಲಿಸಿದರು. ಅವರಲ್ಲಿ ಅಪ್ಪ ಬರೀ ಬೇಸರ ತರಿಸುವ ಮನುಷ್ಯ. ಕಾಕಾ ಬೇಸರದವನಲ್ಲ. ಅವನ ಬಗ್ಗೆ ನನಗಿರುವ ತಾತ್ಸಾರ ಇಷ್ಟು ವರ್ಷ ಬಾಳಿಕೆ ಬಂದಿರುವುದಕ್ಕೆ ಅದೂ ಒಂದು ಕಾರಣ.

ಕಾಕಾನನ್ನು ಕಾಲೇಜು ಕೈಬಿಟ್ಟ ಮೇಲೆ ಚರ್ಚಿನವರು ಆಂಧ್ರದ ಕಡೆಯ ಒಂದು ಬೈಬಲ್ ಶಾಲೆಗೆ ಕಳಿಸಿದ್ದರು. ಹೋಗುವಾಗ ಅವನು ಸಾಮ್ಯಾ. ಬರುವಾಗ ಬ್ರದರ್ ಸ್ಯಾಮ್. ತಲೆಯ ಮೇಲೆ ಅಗಲ ಅಂಚಿನ ಟೊಪ್ಪಿಗೆ, ಸೊಂಟಕ್ಕೆ ಅಂಗೈಯಷ್ಟು ದೊಡ್ಡ ಬಕಲಿನ ಬೆಲ್ಟು, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಗಿಟಾರು. ಬೂಟು ಬಿಚ್ಚಿದಾಗ ಅವ್ವ ಮುಖ ತಿರುಗಿಸಿ ಹಿತ್ತಲಿಗೆ ಹೋದಳು. ಆ ಶಾಲೆಯಲ್ಲಿ ಅಮೆರಿಕದ ದಕ್ಷಿಣ ಸೀಮೆಯಿಂದ ಬಂದ ಒಬ್ಬ ದಪ್ಪ ಬಿಳಿಯ ದೊರೆ ಇವನಿಗೆ ಹಾಡು ಕಲಿಸಿದ್ದನಂತೆ. ಅದಕ್ಕೆ ಕಂಟ್ರಿ ಗಾಸ್ಪೆಲ್ ಎನ್ನುತ್ತಾರೆ ಎಂದು ನಮಗೆ ಹೇಳಿದ. ಅಲ್ಲಿನ ಹೊಲದವರು, ಲಾರಿ ಓಡಿಸುವವರು, ಜೈಲಿಗೆ ಹೋಗಿಬಂದವರು ಗಿಟಾರು ಹಿಡಿದು ಯೇಸುವನ್ನು ಹಾಡುತ್ತಾರೆ, ಅದಕ್ಕೆ ಡ್ರಮ್ಮು ಸೇರಿಸಿದರೆ ಅದೇ ರಾಕ್ ಆಗುತ್ತದೆ, ಮುದುಕರೂ ಕುಣಿಯುತ್ತಾರೆ. ಅವನು ತಂದಿದ್ದ ಕ್ಯಾಸೆಟ್ಟುಗಳನ್ನು ನಾನೂ ಕೇಳಿದ್ದೇನೆ. ಆ ಸಂಗೀತದ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ಹಾಡುತ್ತಿದ್ದವರು ಯಾರೋ ಎಲ್ಲೋ ನಿಜವಾಗಿ ದಣಿದಿದ್ದರು, ಅದು ಕೇಳಿದರೆ ತಿಳಿಯುತ್ತಿತ್ತು. ರೊಟ್ಟಿ ಬಡಿಯುವ ಅವ್ವನ ಕೈ ತನಗರಿವಿಲ್ಲದೆ ಆ ತಾಳಕ್ಕೆ ಹೊಂದಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಕಾಕಾ ಮಾತ್ರ ಅವರ ದಣಿವನ್ನು ಬಿಟ್ಟು ಮೂಗನ್ನು ಕಲಿತಿದ್ದ. ಬೇಸಿಗೆಯಲ್ಲೂ ನೆಗಡಿ ಹತ್ತಿದವನಂತೆ ಹಾಡುತ್ತಿದ್ದ.

ಅಪ್ಪನಿಗೂ ಅವನಿಗೂ ಪಡಸಾಲೆಯಲ್ಲಿ ದಿನಾ ಜಗಳ. ಗಿಟಾರು ಸಾರಾಯಿ ಅಂಗಡಿಯ ವಾದ್ಯ ಎಂದು ಅಪ್ಪ. ಹಾರ್ಮೋನಿಯಂ ಹೆಣದ ಮುಂದಿನ ವಾದ್ಯ ಎಂದು ಕಾಕಾ. ಇಬ್ಬರ ಮಾತೂ ಅರ್ಧರ್ಧ ಸರಿಯಾಗಿತ್ತು. ಕೊನೆಗೆ ಕಾಕಾ ಚರ್ಚನ್ನು ಅಪ್ಪನಿಗೆ ಬಿಟ್ಟು ಊರೂರಿಗೆ ಹೋಗಿ ಬಯಲಲ್ಲಿ ಹಾಡುವುದೆಂದು ತೀರ್ಮಾನಿಸಿದ. ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ದಾವಲಸಾಬ ಮೊದಲು ಮದುವೆಯ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು, ಅವನೇ ಇವನ ಜೊತೆಗಾರನಾದ. ಮಸೀದಿಗೆ ಹೋಗುವ ನೀನು ಯೇಸುವಿನ ಹಾಡಿಗೆ ಬಾರಿಸುತ್ತೀಯಲ್ಲ ಎಂದು ಅಪ್ಪ ಒಮ್ಮೆ ಕೆಣಕಿದಾಗ ಅವನು ಚಹಾ ಆರಿಸಿಕೊಳ್ಳುತ್ತ ಹೇಳಿದ:

"ನಂದೇನೈತ್ರಿ ಸರ, ಮದವಿಗೂ ಇದ ತಾಳ, ಪಾಪ ಮಾಪಿಗೂ ಇದ ತಾಳ."

ಮೊದಲ ಸಭೆ ಮುಳಗುಂದದಲ್ಲಿ. ಹಾಡಿನ ನಡುವೆ ಸಾಕ್ಷಿ ಹೇಳಬೇಕು ಎಂಬುದು ಅವರ ಪದ್ಧತಿ. ದೇವರು ನನ್ನನ್ನು ಯಾವ ಕೆಸರಿನಿಂದ ಎತ್ತಿದ ಎಂದು ಹಾಡುಗಾರ ಜನರ ಮುಂದೆ ತೆರೆದು ಹೇಳುವುದೇ ಸಾಕ್ಷಿ. ನಾವೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಕಾಕಾ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡು, ನಮಗೆ ಯಾರಿಗೂ ಪರಿಚಯವಿಲ್ಲದ ಗ್ರಂಥದ ಕನ್ನಡದಲ್ಲಿ ಆರಂಭಿಸಿದ:

"ಸಹೋದರರೇ, ನಾನೊಬ್ಬ ಕುಡುಕನಾಗಿದ್ದೆ."

ಅವ್ವ ನನ್ನ ಕೈ ಹಿಡಿದಳು. ಕರುಣಾ ಅತ್ತಿ, ಕಾಕಾನಿಗಿಂತ ತುಸು ದೊಡ್ಡವಳಾದ ಅಕ್ಕ, ಆಸ್ಪತ್ರೆಯಲ್ಲಿ ನರ್ಸ್, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಕಾಕಾ ಕುಡಿದವನಲ್ಲ. ಕೆಮ್ಮಿನ ಔಷಧಿ ಕುಡಿದರೂ ತಲೆ ತಿರುಗುತ್ತದೆ ಎನ್ನುವವನು. ಆದರೆ ಜನ ನಗಲಿಲ್ಲ. ಚಮಚದಷ್ಟೂ ಕುಡಿಯದವನ ಬಾಯಿಂದ ಸಾರಾಯಿಯ ವರ್ಣನೆ ಕೇಳಿ ಕುಡಿದು ಕುಡಿದು ಮುಖ ಊದಿಸಿಕೊಂಡಿದ್ದವರು ಕಣ್ಣೊರೆಸಿಕೊಂಡರು. ಆಮೇಲೆ ಹಾಡು ಬಂತು. ಹೆತ್ತ ತಾಯಿಯ ಕಣ್ಣೀರು ನನ್ನ ಬೆನ್ನು ಹತ್ತಿ ಅಂಗಡಿಯ ಬಾಗಿಲವರೆಗೆ ಬಂತು ಎಂದು ಅದರ ಪಲ್ಲವಿ. ದಾವಲಸಾಬ ಡ್ರಮ್ಮು ಬಡಿಯತೊಡಗಿದ. ಜನ ಚಪ್ಪಾಳೆಯಲ್ಲಿ ಮುಳುಗಿಹೋದರು.

ಆವತ್ತಿನಿಂದ ಅವನ ಪಾಪಗಳು ಬೆಳೆಯತೊಡಗಿದವು. ಶಿರಹಟ್ಟಿಗೆ ಹೋಗುವ ಹೊತ್ತಿಗೆ ಅವನು ಕಳ್ಳನೂ ಆಗಿದ್ದ. ಸ್ವಂತ ಅಕ್ಕನ ಬಂಗಾರದ ಸರ ಕದ್ದು ಮಾರಿ ಕುಡಿದೆ ಎಂದ. ಆ ಸರ ಅತ್ತಿಯ ಕೊರಳಲ್ಲೇ ಇತ್ತು, ಅವಳು ಆವತ್ತು ಆಸ್ಪತ್ರೆಯ ಕೆಲಸದ ಮೇಲಿದ್ದುದರಿಂದ ಸಭೆಗೆ ಬಂದಿರಲಿಲ್ಲ. ಪ್ರತಿ ಸಭೆಗೂ ಆಯಿ ಬೇಕಾಗಿದ್ದಳು. ಬಿಳಿ ಸೀರೆ ಉಡಿಸಿ, ವೇದಿಕೆಯ ಅಂಚಿನಲ್ಲಿ ಕುರ್ಚಿ ಹಾಕಿ ಕೂಡಿಸುತ್ತಿದ್ದ. ಹಾಡಿನಲ್ಲಿ ಕಣ್ಣೀರು ಬಂದಾಗ ಅವಳ ಕಡೆ ಕೈ ಮಾಡುತ್ತಿದ್ದ. ಆಯಿ ಅಳುತ್ತಿರಲಿಲ್ಲ, ಅಡಿಕೆ ಅಗಿಯುತ್ತಿದ್ದಳು. ದೂರದಿಂದ ನೋಡಿದವರಿಗೆ ಅವಳ ದವಡೆ ದುಃಖದಿಂದ ನಡುಗಿದಂತೆ ಕಾಣುತ್ತಿತ್ತಂತೆ. ಅವಳು ಹೋಗುತ್ತಿದ್ದುದು ಬಸ್ಸಿನ ಪ್ರಯಾಣದ ಆಸೆಗೆ, ಸಭೆ ಮುಗಿದ ಮೇಲೆ ಸಿಗುವ ಮಿರ್ಚಿ ಭಜಿಯ ಆಸೆಗೆ. ಮಗ ಏನು ಹೇಳುತ್ತಾನೆ ಎಂಬುದಕ್ಕೆ ಅವಳು ಲಕ್ಷ್ಯ ಕೊಡುತ್ತಿರಲಿಲ್ಲ. ನಾಟಕದ ಮಂದಿ ರಾಜರ ಪಾತ್ರ ಮಾಡುವುದಿಲ್ಲವೇ, ಹಾಗೆ ಇವನು ಕುಡುಕನದು ಮಾಡುತ್ತಾನೆ ಎನ್ನುತ್ತಿದ್ದಳು.

ಲಕ್ಷ್ಮೇಶ್ವರದ ಸಭೆಗೆ ಬಹಳ ಜನ ಸೇರಿದ್ದರು. ಕಾಳುಕಡಿಯ ಅಡತಿ ಅಂಗಡಿಗಳು ಮುಚ್ಚಿದ ಮೇಲೆ ಹಮಾಲರೂ ಬಂದರು, ಅಡರಕಟ್ಟಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಅಷ್ಟು ಜನರನ್ನು ನೋಡಿ ಕಾಕಾನಿಗೆ ಹಳೆಯ ಪಾಪಗಳು ಸಾಲದೆ ಹೋದವು. ಗಿಟಾರಿನ ತಂತಿಯನ್ನು ಸಣ್ಣಗೆ ಮೀಟುತ್ತ ದನಿ ತಗ್ಗಿಸಿದ.

"ನನ್ನ ತಂದೆ ಮರಣಶಯ್ಯೆಯಲ್ಲಿದ್ದರು. ಸಾಮುವೇಲಾ, ಸಾಮುವೇಲಾ ಎಂದು ಕೂಗುತ್ತಿದ್ದರು. ನಾನು ಎಲ್ಲಿದ್ದೆ? ಸಾರಾಯಿ ಅಂಗಡಿಯಲ್ಲಿದ್ದೆ. ನನ್ನ ಹೆಸರನ್ನು ಬಾಯಲ್ಲಿಟ್ಟುಕೊಂಡೇ ಅವರು ಪ್ರಾಣ ಬಿಟ್ಟರು. ಅವರನ್ನು ಕೊಂದವನು ನಾನು."

ಆಯಿ ಅಗಿಯುವುದನ್ನು ನಿಲ್ಲಿಸಿದಳು. ಕುರ್ಚಿಯ ತೋಳು ಹಿಡಿದು ಎದ್ದಳು. ಅವಳ ಬಳಿಯೇ ಒಂದು ಮೈಕಿತ್ತು, ಅವಳ ಮಾತು ಸಂತೆಯ ಬಯಲಿನ ಕೊನೆಯವರೆಗೂ ಕೇಳಿಸಿತು.

"ಏ ಸಾಮ್ಯಾ, ನಿಲ್ಲಸದನ್ನ. ನಿಮ್ಮಪ್ಪ ಸತ್ತಾಗ ನೀ ಆರನೇತ್ತಾಗ ಓದತಿದ್ದಿ. ಬೀಸಣಿಕಿ ಹಿಡಕೊಂಡು ಅವರ ಬಾಜೂಕ ಕುಂತಿದ್ದಿ. ಕಾಮಾಲಿ ಆಗಿ ಹ್ವಾದ್ರು ಅವ್ರು. ನಿನ್ನ ಹೆಸರ ಕರೀಲಿಲ್ಲ, ಯಾರ ಹೆಸರನೂ ಕರೀಲಿಲ್ಲ. ಮಜ್ಜಿಗಿ ಕೇಳಿದ್ರು. ನಾ ತರೂದ್ರಾಗ ಹ್ವಾದ್ರು."

ದಾವಲಸಾಬನ ಕೈಯ ಕೋಲು ಮೇಲೆಯೇ ನಿಂತಿತು. ಇದು ಮುಗಿಯಿತು ಎಂದುಕೊಂಡೆ ನಾನು. ನನಗೆ ಆಗ ಹನ್ನೆರಡರ ಆಸುಪಾಸು, ನಿಜ ಹೇಳಿದರೆ ಸುಳ್ಳು ಬಿದ್ದುಹೋಗುತ್ತದೆ ಎಂದು ನಂಬಿದ್ದ ವಯಸ್ಸು. ಕಾಕಾ ಗಿಟಾರು ಪಕ್ಕಕ್ಕಿಟ್ಟು ಮೊಣಕಾಲೂರಿ ಆಯಿಯ ಎರಡೂ ಪಾದ ಹಿಡಿದುಕೊಂಡ, ಮೈಕಿನ ಕಡೆ ಮುಖ ತಿರುಗಿಸಿದ.

"ನೋಡಿರಿ ಸಹೋದರರೇ, ಇದು ತಾಯಿಯ ಹೃದಯ. ಇಷ್ಟು ಜನರ ಮುಂದೆ ಮಗನ ಪಾಪವನ್ನು ತನ್ನ ಸೆರಗಿನಲ್ಲಿ ಮುಚ್ಚುತ್ತಿದ್ದಾಳೆ."

ಇಡೀ ಬಯಲು ಒಮ್ಮೆಲೇ ಅತ್ತಿತು. ಮೂರ್ಖರ ಗುಂಪೊಂದು ಒಟ್ಟಾಗಿ ಅಳುವುದನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ನೋಡಲಿಲ್ಲ. ಹೆಂಗಸರು ಸಾಲುಗಟ್ಟಿ ಬಂದು ಆಯಿಯ ಕಾಲು ಮುಟ್ಟಿದರು. ಒಬ್ಬಳು ತನ್ನ ಕುಡುಕ ಗಂಡನನ್ನು ಎಳೆದುಕೊಂಡು ಬಂದು ಅವಳ ಮುಂದೆ ನಿಲ್ಲಿಸಿದಳು. ಆಯಿ ಇಲ್ರಿ, ಖರೇನ ಹೇಳಾಕತ್ತೀನ್ರಿ, ಎನ್ನುತ್ತಲೇ ಇದ್ದಳು. ಅವಳು ಎಷ್ಟು ಹೇಳಿದರೆ ಅಷ್ಟು ಅತ್ತರು. ಬೆಟಗೇರಿಗೆ ಮರಳುವಾಗ ಟೆಂಪೋದಲ್ಲಿ ಕಾಕಾ ಅವಳ ಕಡೆ ನೋಡಲಿಲ್ಲ, ಭಜಿಯ ಪೊಟ್ಟಣ ಅವಳ ಮಡಿಲಲ್ಲಿಟ್ಟ. ಅವಳು ಅದನ್ನು ದಾವಲಸಾಬನಿಗೆ ಕೊಟ್ಟುಬಿಟ್ಟಳು.

ಮರುದಿನ ಮುಂಜಾನೆ ಕಾಕಾ ಮುಖ ತೊಳೆದು ನಾಷ್ಟಾಕ್ಕೆಂದು ಅಡುಗೆಮನೆಗೆ ಬಂದಾಗ ಆಯಿ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು.

"ಬಾಯಿ ಊದು."

"ಯಾಕಬೇ ಯವ್ವಾ?"

"ಕುಡದೀಯೋ ಇಲ್ಲೋ ನೋಡತೀನಿ. ಊದು."

"ನಾ ಎಂದರ ಕುಡದೀನೇನು? ನಿನಗ ಗೊತ್ತಿಲ್ಲೇನು?"

"ನನಗೇನ ಗೊತ್ತೈತಿ ಮಗನ. ಸಾವಿರ ಮಂದಿ ಮುಂದ ನೀನ ಹೇಳೀದಿ. ನಾ ಹೇಳಿದ್ದ ಸುಳ್ಳಾತು, ನೀ ಹೇಳಿದ್ದ ಖರೆ ಆತು. ಅದಕ್ಕ ಈಗ ನಾನೂ ನಿನ್ನ ಮಾತ ನಂಬೀನಿ."

"ಬಿಟ್ಟೀನಿ ಅಂತಲೂ ಹೇಳೀನಲ್ಲ."

"ಕುಡಿಯಾವ್ರೆಲ್ಲಾ ಹಂಗ ಅಂತಾರ. ಊದು."

ಅವನು ಊದಲಿಲ್ಲ. ಅವನ ತಾಟು ಹಿತ್ತಲಿಗೆ ಹೋಯಿತು, ತೊಳೆಯುವ ಕಲ್ಲಿನ ಪಕ್ಕಕ್ಕೆ. ಆಯಿ ಅವನು ಹಾಡಿದ್ದನ್ನೆಲ್ಲ ಒಂದೂ ಬಿಡದೆ ನಂಬಿದಳು. ಕಳ್ಳ ಎಂದು ಅಲಮಾರಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಂದೆಯನ್ನು ಕೊಂದವನು ಎಂದು, ಅಜ್ಜನ ಫೋಟೋ ಇದ್ದ ನಡುಕೋಣೆಯಲ್ಲಿ ಅವನು ಮಲಗಬಾರದು ಎಂದಳು. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪನ ವರದಿ ಮುಗಿಯುವುದನ್ನು ಕಾಯದೆ ತಾನೇ ದೇವರ ಜೊತೆ ಮಾತು ತೆಗೆಯುತ್ತಿದ್ದಳು.

"ಯಪ್ಪಾ ದೇವರ, ನನ್ನ ಮನ್ಯಾಗೊಬ್ಬ ಕುಡಕ ಅದಾನ, ಕಳ್ಳ ಅದಾನ. ನಿನಗೂ ಈಗ ಹೊಸದಾಗಿ ಗೊತ್ತಾಗಿರಬೇಕು."

ಅವ್ವ ಕಣ್ಣು ಮುಚ್ಚಿಕೊಂಡೇ ತುಟಿ ಕಚ್ಚುತ್ತಿದ್ದಳು. ಅಪ್ಪ ಕೆಮ್ಮುತ್ತಿದ್ದ. ಕಾಕಾ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ಕೂತು ಸಣ್ಣದಾಗಿ ಗಿಟಾರು ಮೀಟುವ ಸದ್ದು ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಅತ್ತಿ ಅವನಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಂಡೊಯ್ದಾಗ ನಾನು ಅಲ್ಲೇ ಪಾತ್ರೆ ತೊಳೆಯುತ್ತಿದ್ದೆ.

"ಯಾಕಲೇ ಸಾಮ್ಯಾ, ಹಾಡ ಹಾಡಿದ್ರ ಸಾಲೂದಿಲ್ಲೇನು? ಮಾಡಲಾರದ್ದ ಯಾಕ ಹೇಳ್ತಿ?" ಎಂದಳು ಅತ್ತಿ.

ಕಾಕಾ ರೊಟ್ಟಿ ಮುರಿದು ಹಿಂಡಿಗೆ ಹಚ್ಚಿದ.

"ಅಲ್ಲೆ ಸಾಲ್ಯಾಗ ಎಲ್ಲಾರೂ ಸಾಕ್ಷಿ ಹೇಳತಿದ್ರು. ಒಬ್ಬಾಂವ ಜೇಲಿಗೆ ಹೋಗಿ ಬಂದಿದ್ದ, ಒಬ್ಬಾಂವ ಹೇಣ್ತಿ ತಲಿ ಒಡದಿದ್ದ. ನನ್ನ ಪಾಳಿ ಬಂತು. ನಾ ಏನ ಹೇಳ್ಲಿ? ಸಾಲಿಗೆ ಹೋದೆ, ಮನಿಗೆ ಬಂದೆ, ಪ್ರಾರ್ಥನಾ ಮಾಡಿದೆ, ಉಂಡೆ, ಮಲಗಿದೆ. ದೊರಿ ನಕ್ಕಬಿಟ್ಟ. ನಿನ್ನ ಯೇಸು ಯಾತರಿಂದ ಎತ್ತ್ಯಾನಪಾ ಅಂತ ಕೇಳಿದ. ನನ್ನ ಯಾತರಿಂದನೂ ಎತ್ತಿಲ್ಲ ಅಕ್ಕಾ. ನಾ ಬಿದ್ದೇ ಇಲ್ಲ."

ಅತ್ತಿ ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದಳು. ಅವಳಿಗೆ ಕರುಣೆ ಬಂದಿತ್ತು ಎಂದು ಅವಳ ಮುಖ ಹೇಳುತ್ತಿತ್ತು, ನನಗೆ ಬರಲಿಲ್ಲ. ಈಗಲೂ ಬರುವುದಿಲ್ಲ. ಬೀಳದೆ ಇರುವುದು ಒಂದು ದುಃಖ ಎಂದು ಗೊಣಗುವವನು ಬಿದ್ದವರನ್ನು ಒಮ್ಮೆಯಾದರೂ ನೋಡಿರಬೇಕು. ನಮ್ಮ ಓಣಿಯ ತುದಿಯಲ್ಲೇ ಒಬ್ಬ ನಿಜವಾದ ಕುಡುಕನಿದ್ದ, ಅವನ ಹೆಂಡತಿ ಆಗಾಗ ಅವ್ವನ ಹತ್ತಿರ ಜೋಳದ ಹಿಟ್ಟು ಕೇಳಲು ಬರುತ್ತಿದ್ದಳು. ಕಾಕಾ ಒಂದು ದಿನವೂ ಅವರ ಮನೆಯ ಕಡೆ ತಲೆ ಹಾಕಿದವನಲ್ಲ. ಅಲ್ಲಿ ಡ್ರಮ್ಮು ಬಾರಿಸುವವರಿರಲಿಲ್ಲ.

ಅದೇ ದಿನಗಳಲ್ಲಿ ಅತ್ತಿಯ ಮದುವೆಯ ಮಾತು ಮುಂಡರಗಿಯ ಒಂದು ಮನೆಯೊಡನೆ ನಿಶ್ಚಯದ ಹಂತಕ್ಕೆ ಬಂದಿತ್ತು. ಹುಡುಗ ಕಾಂಪೌಂಡರ್, ಅವನ ತಂದೆ ನಿವೃತ್ತ ಹೆಡ್‌ಮಾಸ್ತರ. ಅವರ ಸಂಬಂಧಿಕರೊಬ್ಬರು ಶಿರಹಟ್ಟಿಯ ಸಭೆಯಲ್ಲಿ ಕಾಕಾನನ್ನು ಕೇಳಿದ್ದರು. ಕಳ್ಳನ ಮನೆಯ ಹೆಣ್ಣು ಬೇಡ ಎಂಬ ಸುದ್ದಿ ಒಂದು ಭಾನುವಾರ ಚರ್ಚಿನ ಬಾಗಿಲಲ್ಲೇ ಅಪ್ಪನಿಗೆ ಮುಟ್ಟಿತು. ಅಪ್ಪ ಮನೆಗೆ ಬಂದು ದೇವರ ಚಿತ್ತ ಎಂದ. ದೇವರ ಚಿತ್ತ ಎಂಬ ಮಾತನ್ನು ಅಪ್ಪ, ಕುರ್ಚಿಯಿಂದ ಏಳಲು ಮನಸ್ಸಿಲ್ಲದಾಗ ಬಳಸುತ್ತಿದ್ದ. ಆಯಿ ಅವನ ಕಡೆ ನೋಡಲೂ ಇಲ್ಲ, ನೇರವಾಗಿ ಹಿತ್ತಲಿಗೆ ಹೋದಳು.

"ಸಾಮ್ಯಾ, ನಾಳೆ ಮುಂಡರಗಿಗೆ ಬಾ. ಅವರ ಮುಂದ ನಿಂತು ಹೇಳು, ನಾ ಕದ್ದಿಲ್ಲ ಅಂತ. ಅಷ್ಟ ಹೇಳು, ನಿನಗ ಮತ್ತೇನೂ ಕೇಳೂದಿಲ್ಲ."

"ನಾಳೆ ದೊರಿ ಬರಾಕತ್ತಾನ ಯವ್ವಾ. ಗದಗಿನ್ಯಾಗ ದೊಡ್ಡ ಸಭಾ ಐತಿ. ನನ್ನ ಸಾಕ್ಷಿ ಕೇಳಾಕಂತ ಅಷ್ಟ ದೂರಿಂದ ಬರಾಂವ. ಮುಂಜಾನಿ ಮುಂಡರಗ್ಯಾಗ ಇಲ್ಲ ಅಂದು, ಸಂಜಿಕ ಗದಗಿನ್ಯಾಗ ಹೌದು ಅನ್ನಾಕ ಬರತೈತೇನು?"

"ಗದಗಿನ್ಯಾಗನೂ ಇಲ್ಲ ಅನ್ನು."

ಕಾಕಾ ಗಿಟಾರಿನ ತಂತಿ ಬಿಗಿ ಮಾಡುತ್ತ ಕೂತ.

ಮರುದಿನ ಮೊದಲ ಬಸ್ಸಿಗೆ ಆಯಿ, ಅತ್ತಿ ಹೊರಟರು. ಆಯಿಗೆ ಬಸ್ಸಿನಲ್ಲಿ ವಾಂತಿಯಾದರೆ ಹಿಡಿದುಕೊಳ್ಳಲಿ ಎಂದು ನನ್ನನ್ನೂ ಕರೆದುಕೊಂಡರು. ಹೆಡ್‌ಮಾಸ್ತರರ ಮನೆಯಲ್ಲಿ ನಮಗೆ ಚಹಾ ಕೊಟ್ಟರು, ಕುಂಡ್ರಿ ಎಂದರು, ಎಲ್ಲ ಮರ್ಯಾದೆ ಮಾಡಿದರು. ಆಯಿ ಸುತ್ತುಬಳಸು ಇಲ್ಲದೆ ವಿಷಯಕ್ಕೆ ಬಂದಳು. ನನ್ನ ಮಗ ಕದ್ದಿಲ್ಲ, ಕುಡಿದಿಲ್ಲ, ಹಾಡಿಗೆ ಬೇಕೆಂದು ಹೇಳಿದ್ದಾನೆ ಎಂದಳು. ಅತ್ತಿ ಕೊರಳಿಂದ ಸರವನ್ನು ಹೊರಗೆ ತೆಗೆದು ತೋರಿಸಿದಳು.

"ಇದ ನೋಡ್ರಿ ಆ ಸರ. ಇಲ್ಲೇ ಐತಿ."

"ಹೊಸಾದ ಮಾಡಿಸಿರಬೇಕು," ಎಂದರು ಹೆಡ್‌ಮಾಸ್ತರರು.

"ಅಲ್ರಿ, ನನ್ನ ಅಪ್ಪ ಇದ್ದಾಗ ಮಾಡಿಸಿದ್ದಿದು."

ಅವರು ಕನ್ನಡಕ ತೆಗೆದು ಒರೆಸಿದರು. ತರಗತಿಯಲ್ಲಿ ಹುಡುಗನ ತಪ್ಪು ಹಿಡಿದ ಸಂತೋಷ ಅವರ ಮುಖದಲ್ಲಿತ್ತು.

"ಆತು, ಕದ್ದಿಲ್ಲ ಅಂತ ಇಟ್ಟುಕೊಳ್ಳೋಣ. ಅಂದ್ರ ನಿಮ್ಮ ಮಗ ಕೈಯಾಗ ಬೈಬಲ್ ಹಿಡದು ಸುಳ್ಳ ಹೇಳ್ಯಾನಂದಂಗಾತು. ಕಳ್ಳನ್ನ ದೇವ್ರು ಕ್ಷಮಿಸ್ಯಾನ ಅಂತ ನಾವೂ ಕ್ಷಮಿಸಬಹುದಿತ್ತು. ಸಾಕ್ಷಿನ ಸುಳ್ಳ ಅಂದ್ರ ಹೆಂಗ ಅಮ್ಮಾರ? ನೀವ ಹೇಳ್ರಿ, ನಿಮ್ಮ ಮಗ ಕಳ್ಳನೋ, ಸುಳ್ಳನೋ?"

ಆಯಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಸುಳ್ಳ ಅದಾನ್ರಿ. ನನ್ನ ಮಗ ಸುಳ್ಳ ಅದಾನ. ಅದನ್ನ ಹೇಳಾಕನ ಇಷ್ಟ ದೂರ ಬಂದೀನಿ. ಆದ್ರ ಮದವಿ ಆಗಾಕಿ ಈಕಿ, ಆಂವಲ್ಲ. ಈಕಿ ಏನ ಸುಳ್ಳ ಹೇಳ್ಯಾಳಂತ ನೀವ ಹೇಳ್ರಿ."

ಹೆಡ್‌ಮಾಸ್ತರರು ಎದ್ದು ನಿಂತರು. ಹುಡುಗ ಇಷ್ಟು ಹೊತ್ತೂ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. ನಾವು ಅಂಗಳಕ್ಕೆ ಇಳಿದಾಗ ಹಿಂದೆ ಬಂದ. ಅತ್ತಿ ನಿಂತಳು. ಅವನು ಏನಾದರೂ ಹೇಳುತ್ತಾನೆ ಎಂದು ಅವಳು ಎಣಿಸಿದ್ದಳು, ನಾನೂ ಎಣಿಸಿದ್ದೆ. ಅವನು ಒಳಗೆ ತಂದೆಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದ:

"ಬ್ರದರ್ ಸ್ಯಾಮ್ ಅವ್ರು ಗಿಟಾರ್ ಕಲಸ್ತಾರೇನ್ರಿ?"

ಅತ್ತಿ ಬಸ್ ನಿಲ್ದಾಣದವರೆಗೂ ನಕ್ಕಳು. ಬಸ್ಸು ಹತ್ತಿದ ಮೇಲೂ ನಕ್ಕಳು. ಗದಗ ಹತ್ತಿರವಾದಂತೆ ನಗು ನಿಂತಿತು, ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಳು. ಆಯಿ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಮನೆಗೆ ಬಂದರೆ ಪಡಸಾಲೆಯಲ್ಲಿ ದೊರೆ ಊಟಕ್ಕೆ ಕೂತಿದ್ದ. ಗಿಟಾರು ಸಾರಾಯಿ ಅಂಗಡಿಯ ವಾದ್ಯ ಎನ್ನುತ್ತಿದ್ದ ಅಪ್ಪನೇ ಅವನನ್ನು ಕರೆದು ತಂದಿದ್ದ. ಹಾರ್ಮೋನಿಯಂ ಗೋಡೆಗೆ ಸರಿಸಿ, ನೆರೆಮನೆಯಿಂದ ತಂದ ಕುರ್ಚಿ ಹಾಕಿ, ತಾನು ನಿಂತು ಬೀಸಣಿಗೆ ಬೀಸುತ್ತಿದ್ದ. ಕಾಕಾ ಪಕ್ಕದಲ್ಲಿ ಬೂಟು ಹಾಕಿಕೊಂಡೇ ಕೂತಿದ್ದ. ಆಯಿಯನ್ನು ಕಂಡದ್ದೇ ದೊರೆ ಎದ್ದು ಅವಳ ಎರಡೂ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳಿದ. ನಿನ್ನ ಕಣ್ಣೀರಿಗೆ ದೇವರು ಉತ್ತರ ಕೊಟ್ಟ ಎನ್ನುತ್ತಿದ್ದಾರೆ ಎಂದು ಅಪ್ಪ ತಿಳಿಸಿದ. ಆಯಿ ದೊರೆಯ ಮುಖ ನೋಡಿದಳು. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅವರಿಗೆ ಹೇಳೋ, ಇಂವ ಎಂದೂ ಕುಡದಿಲ್ಲ ಅಂತ. ಸರಿಯಾಗಿ ಹೇಳು."

ಅಪ್ಪ ಇಂಗ್ಲಿಷಿನಲ್ಲಿ ಹೇಳಿದ್ದು, ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು, ಹೀಗಿತ್ತು: ನನ್ನ ಮಗ ಈಗ ಕುಡಿಯುವುದಿಲ್ಲ, ದೇವರಿಗೆ ಸ್ತೋತ್ರ ಎನ್ನುತ್ತಿದ್ದಾಳೆ. ದೊರೆ ಕಣ್ಣು ಮುಚ್ಚಿ ಸ್ತೋತ್ರ ಎಂದ. ಕಾಕಾ ನೆಲ ನೋಡಿದ. ನಾನು ಆಯಿಯನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ಅವ್ವನಿಗೆ, ಅತ್ತಿಗೆ, ಆಯಿಗೆ ಮೂವರಿಗೂ ಅಪ್ಪ ಏನು ಹೇಳಿದ ಎಂಬುದನ್ನು ಬಿಡಿಸಿ ಹೇಳಿದೆ. ಅವ್ವ ದೊರೆಗೆಂದು ಬಿಸಿ ಮಾಡುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲಿಂದ ತೆಗೆದು ಅತ್ತಿಯ ತಾಟಿಗೆ ಹಾಕಿದಳು. ಅಪ್ಪ ಇನ್ನೊಂದು ರೊಟ್ಟಿ ಎಂದು ಎರಡು ಸಲ ಕೂಗಿದ. ಆ ಮನೆಯಲ್ಲಿ ಅವ್ವ ಅಪ್ಪನ ಮಾತಿಗೆ ಓಗೊಡದೆ ಕೂತದ್ದನ್ನು ನಾನು ಮೊದಲು ಕಂಡದ್ದು ಆವತ್ತು. ಆಮೇಲೆ ಅದು ಅವಳಿಗೆ ರೂಢಿಯಾಯಿತು.

ಗದಗಿನ ಸಭೆ ಮುಗಿದ ಮೇಲೆ ಕಾಕಾ ದೊರೆಯ ಹಿಂದೆ ಸಿಕಂದರಾಬಾದಿಗೆ ಹೋದ. ಹೊರಡುವಾಗ ಆಯಿಯ ಕಾಲಿಗೆ ಬಿದ್ದ. ಆಯಿ ತಲೆಯ ಮೇಲೆ ಕೈಯಿಟ್ಟಳು.

"ಹೋಗು. ಆದ್ರ ಅಲ್ಲಿ ಹೋಗಿ ನನ್ನ ಸಾಯಿಸಬ್ಯಾಡ."

ಕೆಲವು ವರ್ಷಗಳಾದ ಮೇಲೆ ಅವನ ಕ್ಯಾಸೆಟ್ಟು ಗದಗಿನ ಅಂಗಡಿಗಳಿಗೂ ಬಂತು. ದಾವಲಸಾಬ ಒಂದು ಸಂಜೆ ಅದನ್ನು ತಂದು ನಮ್ಮ ಕಟ್ಟೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಹಚ್ಚಿದ. ಹಾಡಿನಲ್ಲಿ, ಹೆತ್ತ ತಾಯಿಯ ಮಣ್ಣಿಗೆ ನಾನು ಹೋಗಲಿಲ್ಲ, ಬಾಟಲಿ ಹಿಡಿದ ಕೈ ಅವಳ ಪೆಟ್ಟಿಗೆಗೆ ಹೆಗಲಾಗಲಿಲ್ಲ ಎಂದು ಕಾಕಾ ಮೂಗಿನಿಂದ ಅಳುತ್ತಿದ್ದ. ಹಿಂದೆ ಇಂಪಾದ ಗಿಟಾರು, ಹೆಂಗಸರ ದನಿಗಳು. ಆಯಿ ಅಡಿಕೆ ಕತ್ತರಿಸುತ್ತ ತನ್ನ ಸಾವನ್ನು ಕೊನೆಯವರೆಗೂ ಕೇಳಿದಳು.

"ಹಾಡ ಚಲೋ ಐತಿ," ಎಂದಳು. "ಇನ್ನೊಮ್ಮೆ ಹಚ್ಚೋ ದಾವಲಾ."

ಅತ್ತಿ ಮದುವೆಯಾಗಲಿಲ್ಲ. ತಮ್ಮನಿಂದ ಅವಳ ಬಾಳು ಹಾಳಾಯಿತು ಎಂದು ಯಾರಾದರೂ ಹೇಳಲು ಬಂದರೆ ಅವಳು ಅಲ್ಲೇ ತಡೆಯುತ್ತಿದ್ದಳು. ಹಾಳಾಗಿಲ್ಲ, ಮುಂಡರಗಿಯಿಂದ ಉಳಿಯಿತು ಎನ್ನುತ್ತಿದ್ದಳು. ಅವಳು ಹೇಳಿದ್ದು ಖರೆಯೇ ಇರಬೇಕು. ಆಸ್ಪತ್ರೆಯಲ್ಲಿ ಅವಳ ಮಾತಿಗೆ ಡಾಕ್ಟರರೂ ಎದ್ದು ನಿಲ್ಲುವ ಕಾಲ ಬಂತು. ಆದರೂ ಓಣಿಯಲ್ಲಿ ಮದುವೆಯ ಬ್ಯಾಂಡು ಬಂದಾಗ ಅವಳು ಹೊರಗೆ ಬಂದು ನೋಡುತ್ತಿರಲಿಲ್ಲ. ನನ್ನ ಬಗ್ಗೆ ಹೇಳುವುದಾದರೆ, ಜನರ ಮುಂದೆ ತನ್ನ ತಪ್ಪನ್ನು ಚೆನ್ನಾಗಿ ಹೇಳಬಲ್ಲ ಮನುಷ್ಯನನ್ನು ಕಂಡರೆ ನನಗೆ ಇಂದಿಗೂ ಮೊದಲು ಅನುಮಾನ ಬರುತ್ತದೆ, ಆಮೇಲೆ ಬೇಸರ ಬರುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಹಲವರು ಹೇಳಿದ್ದಾರೆ. ಇರಬಹುದು.

ಆಯಿ ನಿಜವಾಗಿ ಹೋದಾಗ ಕಾಕಾ ಸಾವಿನ ಸುದ್ದಿಯ ತಂತಿ ಸಿಕ್ಕಿದ ದಿನವೇ ರೈಲು ಹತ್ತಿ ಬಂದ. ಟೊಪ್ಪಿಗೆ ಇರಲಿಲ್ಲ, ಗಿಟಾರು ತಂದಿರಲಿಲ್ಲ. ತಲೆ ಅರ್ಧ ಬೋಳಾಗಿತ್ತು. ಪೆಟ್ಟಿಗೆಗೆ ಹೆಗಲು ಕೊಟ್ಟು ಚರ್ಚಿನವರೆಗೆ, ಅಲ್ಲಿಂದ ಸ್ಮಶಾನದವರೆಗೆ ನಡೆದ. ಅವನನ್ನು ಕೇಳಲೆಂದೇ ಮುಳಗುಂದದಿಂದಲೂ ಶಿರಹಟ್ಟಿಯಿಂದಲೂ ಜನ ಬಂದಿದ್ದರು, ಸ್ಮಶಾನದ ಗೋಡೆಯ ಮೇಲೂ ಕೂತಿದ್ದರು. ಅಪ್ಪನ ಕೀರ್ತನೆ ಮುಗಿದ ಮೇಲೆ ಪಾದ್ರಿ, ಬ್ರದರ್ ಸ್ಯಾಮ್ ಎರಡು ಮಾತು ಹೇಳಬೇಕು ಎಂದರು. ಕಾಕಾ ಕುಣಿಯ ಅಂಚಿಗೆ ಬಂದು ನಿಂತ. ಬಾಯಿ ತೆರೆದ. ನಮ್ಮವ್ವ ಎಂದ. ಮುಂದಿನ ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದ, ಗಂಟಲಿನಿಂದ ಹೊರಟದ್ದು ಮಾತಲ್ಲ, ಕೋಣೆಯಲ್ಲಿ ಸಿಕ್ಕಿಬಿದ್ದ ಕರುವಿನಂಥ ಒಂದು ಸದ್ದು. ಮೂಗಿನಿಂದ ಸಿಂಬಳ ಇಳಿಯಿತು, ಒರೆಸಿಕೊಳ್ಳುವ ಅರಿವೂ ಅವನಿಗಿರಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ನೆಲ ಬಡಿಯುತ್ತ, ತಾಳವಿಲ್ಲದೆ, ರಾಗವಿಲ್ಲದೆ ಅತ್ತ. ಅತ್ತಿ ಹೋಗಿ ಅವನ ಪಕ್ಕದಲ್ಲಿ ನಿಂತಳು. ಜನ ಸ್ವಲ್ಪ ಹೊತ್ತು ಕಾದರು. ಹಾಡು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುಜುಗರಪಟ್ಟು ಅತ್ತಿತ್ತ ನೋಡಿದರು, ಚಪ್ಪಲಿ ಹುಡುಕಿಕೊಂಡರು, ಗೋಡೆಯಿಂದ ಒಬ್ಬೊಬ್ಬರಾಗಿ ಇಳಿದರು. ಅವನು ಇದಕ್ಕಿಂತ ಚೆನ್ನಾಗಿ ಅತ್ತದ್ದನ್ನು ಅವರೆಲ್ಲ ನೋಡಿದ್ದರು.